ರಾತ್ರಿ ಹತ್ತಕ್ಕೆ ಊಟ ಮಾಡುವವರು ಸೋಮಾರಿಗಳಾ?

ಪ್ರಶ್ನೆ: ನನ್ನ ಮಗಳಿಗೆ ಸ್ಪೇನ್ ದೇಶದ ವಾಲೆನ್ಸಿಯಾದಲ್ಲಿ ಎರಡು ವರ್ಷದ ಓದಿಗೆ ಸೀಟು ಸಿಕ್ಕಿದೆ. ಸೆಪ್ಟೆಂಬರ್‌ನಲ್ಲಿ ಹೊರಡುತ್ತಾಳೆ. ಅಲ್ಲಿಯವರು ಮಧ್ಯಾಹ್ನ ಅಂಗಡಿ ಮುಚ್ಚಿ ಮಲಗುತ್ತಾರಂತೆ, ರಾತ್ರಿ ಹತ್ತಕ್ಕೆ ಊಟವಂತೆ, ಯಾವ ಕೆಲಸಕ್ಕೂ ‘ನಾಳೆ ನೋಡೋಣ’ ಅನ್ನುತ್ತಾರಂತೆ. ನೆಂಟರೊಬ್ಬರು ಹೀಗೆಲ್ಲ ಹೇಳಿದರು. ನಿಜವಾಗಿ ಅವರು ಎಂಥ ಜನ? ನಾವು ಸಸ್ಯಾಹಾರಿಗಳು, ಮಗಳು ಮೊಟ್ಟೆ ಮಾತ್ರ ತಿನ್ನುತ್ತಾಳೆ. ಅವಳಿಗೆ ಊಟಕ್ಕೆ ಕಷ್ಟ ಆಗುತ್ತದಾ? ಒಂಟಿಯಾಗಿಬಿಡುತ್ತಾಳಾ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ನಿಮ್ಮ ನೆಂಟರು ಹೇಳಿದ ಗಂಟೆಗಳೆಲ್ಲ ಸರಿ ಇವೆ. ತೀರ್ಮಾನ ಮಾತ್ರ ತಪ್ಪು. ನಾನು ವಾಲೆನ್ಸಿಯಾದಲ್ಲಿ ಆರು ವರ್ಷ ಇದ್ದು ಬಂದವಳು. ಈಗ ಬೆಂಗಳೂರಿನಲ್ಲಿ ಸ್ಪ್ಯಾನಿಷ್ ಕಲಿಸುತ್ತೇನೆ. ಪ್ರತಿ ಬ್ಯಾಚಿನಲ್ಲೂ ಯಾರಾದರೊಬ್ಬರು ಇದೇ ಪ್ರಶ್ನೆ ಕೇಳುತ್ತಾರೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಮಗಳಿಗೂ ಓದಿಸಿ.

ಮೊದಲು ಊಟದ ಹೊತ್ತಿನ ವಿಷಯ. ಅದರಲ್ಲಿ ಅರ್ಧ ತಪ್ಪು ಗಡಿಯಾರದ್ದು. ಭೂಪಟ ತೆಗೆದು ನೋಡಿ. ಸ್ಪೇನ್ ಇರುವುದು ಲಂಡನ್ನಿನ ನೇರಕ್ಕೆ, ಮ್ಯಾಡ್ರಿಡ್ ಅಂತೂ ಲಂಡನ್ನಿಗಿಂತ ಇನ್ನೂ ಪಶ್ಚಿಮಕ್ಕೆ. ಆದರೆ ಅವರ ಗಡಿಯಾರ ನಡೆಯುವುದು ಬರ್ಲಿನ್ ಜತೆ. 1940ರ ಮಾರ್ಚ್ 16ರ ರಾತ್ರಿ ಹನ್ನೊಂದು ಗಂಟೆಗೆ ಆಗಿನ ಸರ್ವಾಧಿಕಾರಿ ಫ್ರಾಂಕೊನ ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿತು. ಆಮೇಲೆ ಹಿಂದಕ್ಕೆ ತರಲೇ ಇಲ್ಲ. ಅದರ ಮೇಲೆ ಬೇಸಿಗೆಯಲ್ಲಿ ಯುರೋಪಿನ ಲೆಕ್ಕದಲ್ಲಿ ಇನ್ನೊಂದು ಗಂಟೆ ಮುಂದೆ ಹೋಗುತ್ತದೆ. ಹೀಗಾಗಿ ಬೇಸಿಗೆಯಲ್ಲಿ ಮ್ಯಾಡ್ರಿಡ್‌ನ ನೆತ್ತಿಯ ಮೇಲೆ ಸೂರ್ಯ ಬರುವಾಗ ಗಡಿಯಾರ ಎರಡೂಕಾಲು ತೋರಿಸುತ್ತಿರುತ್ತದೆ. ಅವರು ಎರಡೂವರೆಗೆ ಊಟಕ್ಕೆ ಕೂತರೆ ಸೂರ್ಯನ ಲೆಕ್ಕದಲ್ಲಿ ಅದು ನಮ್ಮ ಹನ್ನೆರಡೂಕಾಲು. ನಮ್ಮ ಹಳ್ಳಿಯ ಅಜ್ಜಂದಿರು ಉಣ್ಣುವ ಹೊತ್ತೇ ತಾನೆ? ಜೂನ್ ಕೊನೆಯಲ್ಲಿ ಮ್ಯಾಡ್ರಿಡ್‌ನಲ್ಲಿ ಸೂರ್ಯ ಮುಳುಗುವುದು ಹತ್ತಕ್ಕೆ ಹತ್ತು ನಿಮಿಷ ಇರುವಾಗ. ವಾಯುವ್ಯದ ಗಲೀಸಿಯಾದಲ್ಲಿ ಹತ್ತು ದಾಟಿದ ಮೇಲೆ. ಹೊರಗೆ ಬಿಸಿಲಿದ್ದರೆ ಯಾರಿಗೆ ರಾತ್ರಿ ಊಟ ಸೇರುತ್ತದೆ ಹೇಳಿ? ಪಕ್ಕದ ಪೋರ್ಚುಗಲ್ ಇವತ್ತಿಗೂ ಲಂಡನ್ ಸಮಯವನ್ನೇ ಇಟ್ಟುಕೊಂಡಿದೆ. ಗಡಿಯ ಮೀನ್ಯೊ ನದಿಯ ಸೇತುವೆ ದಾಟಿದರೆ ಸಾಕು, ಒಂದು ಗಂಟೆ ವ್ಯತ್ಯಾಸ.

ಸ್ಪೇನ್‌ನ ಅಂತರ್ಯುದ್ಧ ಮುಗಿದ ಮೇಲಿನ ಬಡತನದ ವರ್ಷಗಳೂ ಇದಕ್ಕೆ ಕಾರಣ. ಆಗ ಎಷ್ಟೋ ಮಂದಿ ಬೆಳಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ದುಡಿಯುತ್ತಿದ್ದರು. ನಡುವೆ ಮನೆಗೆ ಬಂದು ಉಂಡು ಹೋಗಬೇಕಿತ್ತು. ಆ ದೊಡ್ಡ ಬಿಡುವು ದಿನಚರಿಯಲ್ಲಿ ಹಾಗೇ ಉಳಿದುಕೊಂಡಿತು. ಇವತ್ತಿಗೂ ಸಣ್ಣ ಅಂಗಡಿಗಳು ಎರಡಕ್ಕೆ ಮುಚ್ಚಿ ಐದಕ್ಕೆ ತೆಗೆಯುತ್ತವೆ. ಆಮೇಲೆ ರಾತ್ರಿ ಎಂಟೂವರೆಯ ತನಕ ಆ ಅಂಗಡಿಯವರು ನಿಂತೇ ಇರುತ್ತಾರೆ ಅನ್ನುವುದನ್ನು ನೆಂಟರು ಹೇಳಲಿಲ್ಲ ಅಂತ ಕಾಣುತ್ತದೆ.

ಸಿಯೆಸ್ತಾ, ಅಂದರೆ ಮಧ್ಯಾಹ್ನದ ನಿದ್ದೆ. ಲ್ಯಾಟಿನ್ನಿನ ‘ಆರನೇ ಗಂಟೆ’ ಎಂಬ ಮಾತಿನಿಂದ ಬಂದ ಪದ ಇದು. ಸೂರ್ಯ ಹುಟ್ಟಿದ ಮೇಲಿನ ಆರನೇ ಗಂಟೆ, ಅಂದರೆ ನಡುಮಧ್ಯಾಹ್ನ. ದಕ್ಷಿಣದ ಸೆವಿಯಾ, ಕೊರ್ದೊಬಾ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ರಾಯಚೂರಿನ ಮೇ ತಿಂಗಳು ಗೊತ್ತಿರುವವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಆ ಬಿಸಿಲಲ್ಲಿ ಹೊಲದಲ್ಲಿ ದುಡಿಯುವವನು ನೆರಳು ಹುಡುಕುವುದು ಬದುಕುವ ದಾರಿ. ಅಲ್ಲಿನ ಮನೆಗಳ ಕಿಟಕಿಗೆಲ್ಲ ಪೆರ್ಸಿಯಾನಾ ಅನ್ನುವ ಸುರುಳಿ ಪರದೆ ಇರುತ್ತದೆ. ಹಗ್ಗ ಎಳೆದರೆ ದಡದಡ ಅಂತ ಇಳಿದು ಕೋಣೆ ಗುಹೆಯ ಹಾಗೆ ಕತ್ತಲಾಗುತ್ತದೆ. ಬೇಸಿಗೆಯ ಮಧ್ಯಾಹ್ನ ಮೂರಕ್ಕೆ ಇಡೀ ಬೀದಿಯಲ್ಲಿ ಒಂದೊಂದೇ ಮನೆಯಿಂದ ಆ ಸದ್ದು ಬರುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಆದರೆ ಇದು ರಜೆಯ ದಿನದ ಮಾತು. ಆಫೀಸಿಗೆ ಹೋಗುವ ಹೆಚ್ಚಿನವರಿಗೆ ವಾರದ ದಿನ ಮಲಗಲು ಎಲ್ಲಿ ಸಮಯ? ವರ್ಷದ ಲೆಕ್ಕ ಹಿಡಿದರೆ ಸ್ಪೇನ್‌ನ ಒಬ್ಬ ಕೆಲಸಗಾರ ಜರ್ಮನಿಯವನಿಗಿಂತ ಜಾಸ್ತಿ ಗಂಟೆ ದುಡಿಯುತ್ತಾನೆ.

ಇನ್ನು ‘ನಾಳೆ ನೋಡೋಣ’. ಸರ್ಕಾರಿ ಕಚೇರಿಯಲ್ಲಿ ಕಾಗದಪತ್ರಕ್ಕೆ ಓಡಾಟ ಇದೆ, ಸುಳ್ಳು ಹೇಳುವುದಿಲ್ಲ. ನನ್ನ ವಾಸದ ಪರವಾನಗಿ ಮಾಡಿಸಲು ನಾಲ್ಕು ಸಲ ತಿರುಗಿದ್ದೆ. ಆದರೆ ಮನಸ್ಸಿಟ್ಟ ಕಡೆ ಅವರು ಒಂದು ನಿಮಿಷ ತಪ್ಪುವವರಲ್ಲ. 1992ರಲ್ಲಿ ಮ್ಯಾಡ್ರಿಡ್‌ನಿಂದ ಸೆವಿಯಾಗೆ ವೇಗದ ರೈಲು ಶುರುವಾಯಿತು. 1994ರಲ್ಲಿ ಆ ಮಾರ್ಗದಲ್ಲಿ ಒಂದು ಮಾತು ಕೊಟ್ಟರು: ರೈಲು ಐದು ನಿಮಿಷಕ್ಕಿಂತ ಹೆಚ್ಚು ತಡವಾದರೆ ಟಿಕೆಟ್ಟಿನ ಪೂರ್ತಿ ದುಡ್ಡು ವಾಪಸ್. ಇವತ್ತು ಅವರ ವೇಗದ ರೈಲಿನ ಜಾಲ ಚೀನಾ ಬಿಟ್ಟರೆ ಜಗತ್ತಿನಲ್ಲೇ ದೊಡ್ಡದು. ಇನ್ನೊಂದು ನನಗೆ ತುಂಬ ದೊಡ್ಡದು ಅನ್ನಿಸುವ ವಿಷಯ. ಅಂಗಾಂಗ ದಾನದಲ್ಲಿ 1992ರಿಂದಲೂ ಜಗತ್ತಿಗೆ ಮೊದಲು ಸ್ಪೇನ್. ಅದಕ್ಕಾಗಿಯೇ 1989ರಲ್ಲಿ ಒಂದು ರಾಷ್ಟ್ರೀಯ ಸಂಸ್ಥೆ ಮಾಡಿ, ಆಸ್ಪತ್ರೆಗಳಲ್ಲಿ ಅದನ್ನೇ ನೋಡಿಕೊಳ್ಳುವ ವೈದ್ಯರನ್ನು ನೇಮಿಸಿದರು. ಸತ್ತವರ ಮನೆಯವರ ಪಕ್ಕದಲ್ಲಿ ಕೂತು, ಅವರ ದುಃಖಕ್ಕೆ ಜತೆಯಾಗಿ, ಮೆಲ್ಲಗೆ ಕೇಳುವ ಕೆಲಸ ಅದು. ಆ ಹೊತ್ತಿನಲ್ಲಿ ಹೆಚ್ಚಿನ ಮನೆಯವರು ಹೂಂ ಅನ್ನುತ್ತಾರೆ. ಇಂಥ ಜನಕ್ಕೆ ಸೋಮಾರಿ ಅನ್ನುವ ಪದ ಹೇಗೆ ಒಪ್ಪುತ್ತದೆ?

ವಾಲೆನ್ಸಿಯಾಕ್ಕೆ ಹೋದ ಮೊದಲ ತಿಂಗಳಲ್ಲೇ ಮಗಳು ಒಂದು ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಅಲ್ಲಿನ ದೊಡ್ಡ ಚರ್ಚಿನ ಅಪೊಸ್ತಲರ ಬಾಗಿಲ ಮುಂದೆ ಹೋಗಿ ನಿಲ್ಲಲಿ. ಗಂಟೆ ಹೊಡೆದ ಕೂಡಲೇ ಕಪ್ಪು ನಿಲುವಂಗಿ ತೊಟ್ಟ ಎಂಟು ಜನ ರೈತರು ಬಂದು ವೃತ್ತಾಕಾರವಾಗಿ ಕುರ್ಚಿಗಳಲ್ಲಿ ಕೂರುತ್ತಾರೆ. ಅದು ನೀರಿನ ನ್ಯಾಯಾಲಯ. ಬಯಲಿನ ಎಂಟು ಕಾಲುವೆಗಳಿಗೆ ಒಬ್ಬೊಬ್ಬರಂತೆ ರೈತರೇ ಆರಿಸಿದವರು. ಒಬ್ಬ ಒಂದೊಂದೇ ಕಾಲುವೆಯ ಹೆಸರು ಕೂಗಿ, ದೂರು ಇದೆಯಾ ಅಂತ ಕೇಳುತ್ತಾನೆ. ಇದ್ದರೆ ಅಲ್ಲೇ ಬಾಯಿಮಾತಿನಲ್ಲಿ ವಿಚಾರಣೆ, ಅಲ್ಲೇ ತೀರ್ಪು. ವಕೀಲರಿಲ್ಲ, ಮೇಲ್ಮನವಿಯಿಲ್ಲ. ಅರಬ್ಬರ ಆಳ್ವಿಕೆಯ ಕಾಲದಿಂದ ಬಂದದ್ದು ಅನ್ನುತ್ತಾರೆ. ಯುನೆಸ್ಕೊ 2009ರಲ್ಲಿ ಇದನ್ನು ತನ್ನ ಪರಂಪರೆ ಪಟ್ಟಿಗೆ ಸೇರಿಸಿತು. ಎಷ್ಟೋ ವಾರ ದೂರೇ ಇರುವುದಿಲ್ಲ, ಕೆಲವೇ ನಿಮಿಷದಲ್ಲಿ ಎದ್ದು ಹೋಗುತ್ತಾರೆ. ಆದರೂ ಗುರುವಾರ ತಪ್ಪಿಸುವುದಿಲ್ಲ. ಕಾವೇರಿ ನಾಲೆಯ ನೀರಿಗೆ ಸರದಿ ಕಾಯುವ ಮಂಡ್ಯದ ರೈತರು ಇದನ್ನು ಒಮ್ಮೆ ನೋಡಬೇಕು ಅಂತ ನನಗೆ ಬಲು ಆಸೆ.

ಹಾಗಾದರೆ ಅವರ ಸ್ವಭಾವ ಏನು? ಆರು ವರ್ಷದಲ್ಲಿ ನಾನು ಕಂಡದ್ದು ಇಷ್ಟು. ಜನರ ಜತೆ ಕೂರುವ ಹೊತ್ತನ್ನು ಅವರು ಮೊದಲು ತೆಗೆದಿಡುತ್ತಾರೆ. ಮಿಕ್ಕ ಕೆಲಸವನ್ನು ಅದರ ಸುತ್ತ ಹೊಂದಿಸುತ್ತಾರೆ. ಹತ್ತಕ್ಕೆ ಊಟ, ಬೀದಿಯ ಗದ್ದಲ, ಬಾರು, ಹಬ್ಬ ಎಲ್ಲವೂ ಅಲ್ಲಿಂದಲೇ ಹೊರಡುತ್ತವೆ.

ಅವರ ಭಾಷೆಯಲ್ಲಿ ಸೊಬ್ರೆಮೇಸಾ ಅಂತ ಒಂದು ಪದ ಇದೆ. ಊಟ ಮುಗಿದ ಮೇಲೆ ಏಳದೆ, ಅದೇ ಮೇಜಿನ ಸುತ್ತ ಮಾತಾಡುತ್ತಾ ಕೂರುವ ಹೊತ್ತು. ಮೇಜಿನ ಮೇಲೆ ಬ್ರೆಡ್ಡಿನ ಚೂರು, ಕಿತ್ತಳೆ ಸಿಪ್ಪೆ, ಅರ್ಧ ಕುಡಿದ ಕಾಫಿ ಹಾಗೇ ಇರುತ್ತವೆ. ಯಾರೂ ತಟ್ಟೆ ಎತ್ತುವ ಅವಸರ ಮಾಡುವುದಿಲ್ಲ. ಭಾನುವಾರ ಎರಡೂವರೆಗೆ ಊಟಕ್ಕೆ ಕೂತವರು ಐದೂವರೆ ತನಕ ಎದ್ದದ್ದೇ ಇಲ್ಲ ಅನ್ನುವುದು ನನಗೆ ಎಷ್ಟು ಸಲ ಆಗಿದೆಯೋ. ಹೋಟೆಲಿನಲ್ಲೂ ಹಾಗೆ. ನೀವು ಕೇಳುವ ತನಕ ಬಿಲ್ ತರುವುದಿಲ್ಲ. ಕೇಳದೆ ಬಿಲ್ ಇಟ್ಟರೆ ‘ಎದ್ದು ಹೋಗಿ’ ಅಂದ ಹಾಗೆ. ನಮ್ಮ ದರ್ಶಿನಿಯಲ್ಲಿ ನಿಂತು ಐದು ನಿಮಿಷದಲ್ಲಿ ಇಡ್ಲಿ ಮುಗಿಸಿದವಳಿಗೆ ಇದು ಒಗ್ಗಲು ಒಂದು ತಿಂಗಳು ಬೇಕು. ಆಮೇಲೆ ಇದಿಲ್ಲದೆ ಊಟ ಮುಗಿದ ಹಾಗೇ ಆಗುವುದಿಲ್ಲ.

ಒಂದು ವಿಷಯ ಮಗಳಿಗೆ ಖಂಡಿತ ಮೊದಲೇ ಹೇಳಿ. ನಮ್ಮಲ್ಲಿ ಪರಿಚಯ ಆದ ಕೂಡಲೇ ‘ಮನೆಗೆ ಬನ್ನಿ’ ಅನ್ನುತ್ತೇವೆ. ಅವರು ಬೀದಿಗೆ ಕರೆಯುತ್ತಾರೆ. ಮನೆ ಒಳಗಿನವರಿಗೆ, ಸ್ನೇಹ ಹೊರಗೆ. ಹೊಸ ಗೆಳತಿಯರು ವಾರಕ್ಕೆ ಮೂರು ಸಲ ಸಿಕ್ಕು, ಹೆಗಲ ಮೇಲೆ ಕೈ ಹಾಕಿ, ಮನೆಯ ಗುಟ್ಟೆಲ್ಲ ಹೇಳಿಕೊಂಡರೂ ಆರು ತಿಂಗಳಾದರೂ ಮನೆಗೆ ಕರೆಯದೆ ಇರಬಹುದು. ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು. ನಾನು ಹಚ್ಚಿಕೊಂಡು ಮೊದಲ ವರ್ಷ ಸುಮ್ನೆ ಕೊರಗಿದೆ. ಮತ್ತೆ ‘ಯಾವಾಗಲಾದರೂ ಸಿಗೋಣ’ ಅಂತ ಹೊರಡುವಾಗ ಒಂದು ಮಾತು ಹೇಳುತ್ತಾರೆ. ಅದಕ್ಕೆ ತಾರೀಖು ಕೇಳಬಾರದು. ನಾವು ಬಸ್ ಸ್ಟಾಪಿನಲ್ಲಿ ‘ಒಂದ್ಸಲ ಮನೆ ಕಡೆ ಬನ್ನಿ’ ಅನ್ನುತ್ತೇವಲ್ಲ, ಅದರ ಅಣ್ಣ ಅದು. ಪ್ರೀತಿ ನಿಜ, ಆಮಂತ್ರಣ ಅಲ್ಲ.

ಬಾರು ಅಂದ ಕೂಡಲೇ ಹೆದರಬೇಡಿ. ನಮ್ಮ ಬಾರ್ ಬೇರೆ, ಅವರ ಬಾರ್ ಬೇರೆ. ಬೆಳಗ್ಗೆ ಏಳಕ್ಕೆ ತೆಗೆಯುವ ಆ ಜಾಗದಲ್ಲಿ ಅಜ್ಜಿಯರು ಕಾಫಿಗೆ ಬ್ರೆಡ್ ಅದ್ದಿ ತಿನ್ನುತ್ತಿರುತ್ತಾರೆ, ಸಂಜೆ ಶಾಲೆ ಬಿಟ್ಟ ಮಕ್ಕಳು ಹಾಲು ಕುಡಿಯುತ್ತಿರುತ್ತಾರೆ. ನಮ್ಮ ಕಾಫಿ ಹೋಟೆಲು, ಹರಟೆ ಕಟ್ಟೆ, ಪೇಪರ್ ಓದುವ ಕಟ್ಟೆ ಮೂರೂ ಸೇರಿದ್ದು ಅಂದುಕೊಳ್ಳಿ. ಅಲ್ಲಿ ಯಾರೂ ‘ದಯವಿಟ್ಟು ನನಗೊಂದು ಕಾಫಿ ದೊರೆಯಬಹುದೇ’ ಅನ್ನುವುದಿಲ್ಲ. ‘ಪೊನ್ಮೆ ಉನ್ ಕಫೆ’, ಅಂದರೆ ‘ನಂಗೊಂದ್ ಕಾಫಿ ಹಾಕು’. ಇಂಗ್ಲಿಷಿನಲ್ಲಿ ಬೆಳೆದವರಿಗೆ ಇದು ಒರಟಾಗಿ ಕೇಳುತ್ತದೆ. ಕನ್ನಡದವರಿಗೆ ಕೇಳುವುದಿಲ್ಲ. ನಾವೂ ‘ಒಂದ್ ಕಾಫಿ ಕೊಡಿ’ ಅಂತಲೇ ತಾನೆ ಕೇಳುವುದು? ವಿನಯ ಪದದಲ್ಲಿಲ್ಲ, ದನಿಯಲ್ಲಿದೆ. ಕೌಂಟರಿನಾಚೆ ಇರುವವರು ‘ಏನು ಹಾಕಲಿ, ಚೆಲುವೆ?’ ಅನ್ನುತ್ತಾರೆ. ಮಾರುಕಟ್ಟೆಯಲ್ಲಿ ತರಕಾರಿ ಮಾರುವ ಹೆಂಗಸು ಎಲ್ಲರಿಗೂ ‘ಗ್ವಾಪಾ’ ಅನ್ನುತ್ತಾಳೆ. ಚೆಲುವೆ ಅಂತ ಅರ್ಥ. ಎಂಬತ್ತು ವರ್ಷದವರಿಗೂ ಅದೇ, ಎಂಟು ವರ್ಷದವಳಿಗೂ ಅದೇ. ಬೇಸರದ ದಿನ ಎರಡು ಟೊಮೆಟೊ ತರಲು ಹೋಗಿ ಮೂರು ಸಲ ಚೆಲುವೆ ಅನ್ನಿಸಿಕೊಂಡು ಬಂದರೆ ಮನಸ್ಸು ಎಷ್ಟು ಹಗುರಾಗುತ್ತದೆ ಗೊತ್ತಾ.

ಕಾಫಿ ಅಂದ ಮೇಲೆ ಒಂದು ಮಾತು ಬಿಡಲಾರೆ. ದಕ್ಷಿಣದ ಮಾಲಗಾ ಊರಿನಲ್ಲಿ ಕಾಫಿಗೂ ಹಾಲಿಗೂ ಇರುವ ಪ್ರಮಾಣಕ್ಕೆ ಒಂದೊಂದು ಹೆಸರಿದೆ. ಅರ್ಧಕ್ಕರ್ಧ ಇದ್ದರೆ ‘ಮಿತಾದ್’. ಹಾಲೇ ಜಾಸ್ತಿ ಇದ್ದರೆ ‘ಸೊಂಬ್ರಾ’, ನೆರಳು. ಒಂದು ಹನಿ ಕಾಫಿ ಮಾತ್ರ ಇದ್ದರೆ ‘ನೂಬೆ’, ಮೋಡ. ಅಲ್ಲಿನ ಕಫೆ ಸೆಂತ್ರಾಲ್ ಎಂಬ ಹಳೆಯ ಹೋಟೆಲಿನವರು 1950ರ ದಶಕದಲ್ಲಿ ಗಿರಾಕಿಗಳ ಹತ್ತು ಬಗೆಯ ಆಸೆಗೆ ಹತ್ತು ಹೆಸರಿಟ್ಟು, ಗೋಡೆಯ ಹೆಂಚಿನ ಮೇಲೆ ಲೋಟಗಳ ಚಿತ್ರ ಬರೆಸಿದರು. ಹತ್ತನೆಯ ಲೋಟ ಖಾಲಿ. ಅದರ ಹೆಸರು ‘ನನಗೆ ಬೇಡ’. ಆ ಹೋಟೆಲು 2022ರಲ್ಲಿ ಮುಚ್ಚಿತು. ಹೆಸರುಗಳು ಊರಿನ ಬಾಯಲ್ಲಿ ಉಳಿದಿವೆ. ಬೈಟು ಕಾಫಿಯನ್ನು ಹುಟ್ಟಿಸಿದ ಊರಿನಿಂದ ಹೋದ ನನಗೆ ಅವರ ಮೇಲೆ ಅಲ್ಲೇ ಪ್ರೀತಿ ಹುಟ್ಟಿತು.

ಮಾರುಕಟ್ಟೆಗೆ ಹೋದಾಗ ಸಾಲು ಕಾಣದಿದ್ದರೆ ನುಗ್ಗಬಾರದು. ಇದು ನನ್ನ ಅನುಭವ. ವಾಲೆನ್ಸಿಯಾದ ಮೆರ್ಕಾದೊ ಸೆಂತ್ರಾಲ್ 1928ರಲ್ಲಿ ತೆರೆದ ದೊಡ್ಡ ಮಾರುಕಟ್ಟೆ. ಬಣ್ಣದ ಗಾಜಿನ ಗುಮ್ಮಟ, ಕೆಳಗೆ ನೂರಾರು ಮಳಿಗೆ. ಮೊದಲ ಶನಿವಾರ ನಾನು ಹೋದಾಗ ಒಂದು ತರಕಾರಿ ಮಳಿಗೆಯ ಮುಂದೆ ಏಳೆಂಟು ಹೆಂಗಸರು ಚದುರಿ ನಿಂತು ಮಾತಾಡುತ್ತಿದ್ದರು. ಒಬ್ಬಳು ಪಕ್ಕದ ಮಳಿಗೆಯ ಆಲಿವ್ ನೋಡುತ್ತಿದ್ದಳು. ಸಾಲಿಲ್ಲ ಅಂದುಕೊಂಡು ಮುಂದೆ ಹೋಗಿ ಬದನೆಕಾಯಿ ಕೇಳಿದೆ. ಎಲ್ಲರ ಮಾತೂ ಒಮ್ಮೆಲೇ ನಿಂತಿತು. ಒಬ್ಬ ಅಜ್ಜಿ ನನ್ನ ತೋಳು ಹಿಡಿದು ಹಿಂದಕ್ಕೆ ಕರೆದುಕೊಂಡು ಹೋಗಿ ಕಲಿಸಿದರು: ಬಂದ ಕೂಡಲೇ ‘ಕಿಯೆನ್ ಎಸ್ ಎಲ್ ಉಲ್ತಿಮೊ?’ ಅಂತ ಕೂಗಬೇಕು. ಕೊನೆಯವರು ಯಾರು ಅಂತ. ಒಬ್ಬರು ಕೈ ಎತ್ತುತ್ತಾರೆ. ಇನ್ನು ಅವರ ನಂತರ ನೀವು. ಮುಂದೆ ಬರುವವರಿಗೆ ನೀವು ಕೈ ಎತ್ತಬೇಕು. ಅಷ್ಟು ಮಾಡಿದ ಮೇಲೆ ಎಲ್ಲಿ ಬೇಕಾದರೂ ನಿಲ್ಲಿ, ಯಾರ ಜತೆ ಬೇಕಾದರೂ ಮಾತಾಡಿ. ಸಾಲು ನೆಲದ ಮೇಲಿಲ್ಲ, ಎಲ್ಲರ ತಲೆಯಲ್ಲಿದೆ. ಅದು ತಪ್ಪಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಕಾಯುವ ಹೊತ್ತೂ ಹರಟೆಗೆ ಸಿಗಬೇಕು, ಯಾರ ಸರದಿಯೂ ಹೋಗಬಾರದು. ಅವರ ಬುದ್ಧಿವಂತಿಕೆಗೆ ನಾನು ಕೊಡುವ ಮೊದಲ ಉದಾಹರಣೆ ಇದೇ.

ಸಂಜೆ ಬಿಸಿಲು ಇಳಿದ ಮೇಲೆ ಇಡೀ ಊರು ಬೀದಿಗೆ ಬರುತ್ತದೆ. ತಾತ ಅಜ್ಜಿ ಇಸ್ತ್ರಿ ಬಟ್ಟೆ ಹಾಕಿಕೊಂಡು ಕೈ ಕೈ ಹಿಡಿದು ಸುಮ್ನೆ ನಡೆಯುತ್ತಾರೆ. ಹನ್ನೊಂದು ಗಂಟೆಯಾದರೂ ಚೌಕದಲ್ಲಿ ಮಕ್ಕಳು ಚೆಂಡಾಡುತ್ತಿರುತ್ತಾರೆ. ಹಳ್ಳಿಗಳಲ್ಲಂತೂ ಕುರ್ಚಿಯನ್ನೇ ಬಾಗಿಲ ಹೊರಗೆ ಹಾಕಿಕೊಂಡು ಗಾಳಿಗೆ ಕೂರುತ್ತಾರೆ. ನಮ್ಮ ಜಗಲಿಯ ಹಾಗೆ. 2021ರಲ್ಲಿ ಕಾದಿಸ್ ಪ್ರಾಂತದ ಅಲ್ಗಾರ್ ಎಂಬ ಸಣ್ಣ ಊರಿನ ಮೇಯರ್, ಈ ಬೀದಿ ಹರಟೆಯನ್ನು ಯುನೆಸ್ಕೊ ಪರಂಪರೆ ಪಟ್ಟಿಗೆ ಸೇರಿಸಬೇಕು ಅಂತ ಹೊರಟರು. ಸಾವಿರದ ಐನೂರೂ ಇಲ್ಲದ ಜನಸಂಖ್ಯೆ ಆ ಊರಿನದು. ಮೊಬೈಲು, ಟಿವಿ ಬಂದು ಜನ ಒಳಗೆ ಸೇರಿಕೊಳ್ಳುತ್ತಿದ್ದಾರೆ, ಇದು ಹೋದರೆ ಮತ್ತೆ ಬಾರದು ಅನ್ನುವುದು ಅವರ ಆತಂಕ. ಈ ಸುದ್ದಿ ಓದಿದ ದಿನ ನನಗೆ ಕಣ್ಣು ತುಂಬಿತು. ನಮ್ಮ ಊರಿನ ಜಗಲಿಗಳಿಗೆ ಗ್ರಿಲ್ ಬಿದ್ದಾಗ ಯಾರೂ ಇಷ್ಟು ಮರುಗಲಿಲ್ಲ.

ಊರು ಅಂದೆ. ನಮ್ಮ ‘ಊರು’ ಪದ ಇಂಗ್ಲಿಷಿಗೆ ಹೋಗುವುದಿಲ್ಲ, ಆದರೆ ಸ್ಪ್ಯಾನಿಷ್‌ಗೆ ಸಲೀಸಾಗಿ ಹೋಗುತ್ತದೆ. ಅಲ್ಲಿ ಅದು ‘ಪುಏಬ್ಲೊ’. ಮ್ಯಾಡ್ರಿಡ್‌ನಲ್ಲೇ ಹುಟ್ಟಿ ಬೆಳೆದವನಿಗೂ ಒಂದು ಪುಏಬ್ಲೊ ಇರುತ್ತದೆ. ಅಜ್ಜಿಯ ಮನೆ ಇರುವ ಊರು. ಆಗಸ್ಟ್ ಬಂತು ಅಂದರೆ ಅಂಗಡಿ ಬಾಗಿಲಿಗೆ ‘ರಜೆ’ ಅಂತ ಚೀಟಿ ಅಂಟಿಸಿ ಎಲ್ಲರೂ ಊರಿಗೆ. ವರ್ಷವಿಡೀ ಖಾಲಿ ಇದ್ದ ಹಳ್ಳಿಯಲ್ಲಿ ಊರ ಹಬ್ಬ, ವಾದ್ಯ, ಬೀದಿಯುದ್ದ ಊಟದ ಮೇಜು. ದೀಪಾವಳಿಗೆ ಮೆಜೆಸ್ಟಿಕ್ಕಿನಲ್ಲಿ ಬಸ್ ಹತ್ತುವ ನಮ್ಮ ಹುಡುಗರ ಮುಖ ಹೇಗಿರುತ್ತದೋ ಹಾಗೇ ಅವರ ಮುಖವೂ.

ಊರಿನ ಅಭಿಮಾನ ಎಷ್ಟೆಂದರೆ ‘ಸ್ಪೇನ್‌ನವರು’ ಅಂತ ಒಟ್ಟಾಗಿ ಹೇಳಿದರೆ ಅವರಿಗೇ ಒಪ್ಪಿಗೆಯಾಗುವುದಿಲ್ಲ. ನಮ್ಮ ಕರ್ನಾಟಕದ ಎರಡೂವರೆ ಪಟ್ಟಿಗಿಂತ ದೊಡ್ಡ ದೇಶ, ಜನ ನಮಗಿಂತ ಕಡಿಮೆ. ಒಳಗೆ 17 ಸ್ವಾಯತ್ತ ಪ್ರಾಂತ್ಯ. ನಾವು ಸ್ಪ್ಯಾನಿಷ್ ಅನ್ನುವ ಕ್ಯಾಸ್ಟಿಲಿಯನ್ ಜತೆಗೆ ಕತಲಾನ್, ಗಲೀಸಿಯನ್, ಬಾಸ್ಕ್ ನುಡಿಗಳಿವೆ. ಬಾಸ್ಕ್ ನುಡಿಗೆ ಜಗತ್ತಿನ ಯಾವ ಭಾಷೆಯ ಜತೆಗೂ ನೆಂಟಸ್ತಿಕೆ ಸಿಕ್ಕಿಲ್ಲ. ರಾಷ್ಟ್ರಗೀತೆಗೆ ಅಧಿಕೃತ ಸಾಹಿತ್ಯವೇ ಇಲ್ಲ. ಫುಟ್‌ಬಾಲ್ ಆಟಗಾರರು ಬರೀ ರಾಗ ಕೇಳುತ್ತಾ ನಿಂತಿರುತ್ತಾರೆ. ಒಬ್ಬರನ್ನೊಬ್ಬರು ರೇಗಿಸುವುದು ಅವರಿಗೆ ಬಲು ಇಷ್ಟ. ಕತಲಾನರು ಜಿಪುಣರು, ಅರಗೋನಿನವರು ಹಟಮಾರಿಗಳು, ಆಂದಲೂಸಿಯಾದವರು ಒಂದಕ್ಕೆ ಹತ್ತು ಸೇರಿಸುವವರು. ಗಲೀಸಿಯಾದವನು ಮೆಟ್ಟಿಲ ಮೇಲೆ ಸಿಕ್ಕರೆ ಹತ್ತುತ್ತಿದ್ದಾನಾ ಇಳಿಯುತ್ತಿದ್ದಾನಾ ಗೊತ್ತಾಗುವುದಿಲ್ಲ, ಪ್ರಶ್ನೆ ಕೇಳಿದರೆ ಪ್ರಶ್ನೆಯನ್ನೇ ವಾಪಸ್ ಕೊಡುತ್ತಾನೆ. ದಡ್ಡರ ಜೋಕುಗಳೆಲ್ಲ ಊಏಲ್ವಾ ಪ್ರಾಂತದ ಲೆಪೆ ಎಂಬ ಊರಿನ ಪಾಲಿಗೆ. ವಾಲೆನ್ಸಿಯಾದಲ್ಲಿ ಕತಲಾನಿಗೆ ತೀರ ಹತ್ತಿರದ ವಾಲೆನ್ಸಿಯನ್ ನುಡಿ ಇದೆ. ಮಗಳು ಅದರಲ್ಲಿ ‘ಬೋನ್ ದಿಯಾ’ ಅಂತ ಒಂದು ಮಾತು ಕಲಿತು ಹೋದರೆ ಸಾಕು, ಅಂಗಡಿಯವರ ಮುಖ ಅರಳುತ್ತದೆ. ಬೆಂಗಳೂರಿನಲ್ಲಿ ಹೊರಗಿನಿಂದ ಬಂದವರು ಎರಡು ಮಾತು ಕನ್ನಡ ಆಡಿದರೆ ನಮಗೆ ಆಗುವುದಿಲ್ಲವಾ, ಹಾಗೆ.

ನಂಬಿಕೆಗಳೂ ನಮ್ಮವರಿಗೆ ದೂರದವಲ್ಲ. ಇಂಗ್ಲಿಷರಿಗೆ 13ನೇ ತಾರೀಖಿನ ಶುಕ್ರವಾರ ಅಪಶಕುನ. ಸ್ಪೇನ್‌ನವರಿಗೆ ಮಂಗಳವಾರ. ‘ಮಂಗಳವಾರ ಮದುವೆಯಾಗಬೇಡ, ಹಡಗು ಹತ್ತಬೇಡ’ ಅಂತ ಅವರ ಗಾದೆ. ಅವರ ಮಾರ್ತೆಸ್ ಅಂದರೂ ಮಂಗಳ ಗ್ರಹದ ವಾರವೇ. ಇದನ್ನು ನನ್ನ ಮನೆಯ ಓನರಿಗೆ ಹೇಳಿದಾಗ ಆಕೆ ಎದ್ದು ಬಂದು ಎರಡೂ ಕೆನ್ನೆಗೆ ಮುತ್ತು ಕೊಟ್ಟರು. ಮುತ್ತಿನ ವಿಷಯವೂ ಮಗಳಿಗೆ ಗೊತ್ತಿರಲಿ. ಪರಿಚಯಕ್ಕೆ ಕೆನ್ನೆಗೆ ಕೆನ್ನೆ ತಾಗಿಸಿ ಎರಡು ಸಲ. ಇಷ್ಟವಿಲ್ಲದಿದ್ದರೆ ಮೊದಲೇ ಕೈ ಚಾಚಿದರಾಯಿತು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಒಟ್ಟಿಗಿರುವ ಈ ಹಂಬಲ ಅವರ ಕ್ರಿಸ್‌ಮಸ್ ಲಾಟರಿಯಲ್ಲೂ ಕಾಣುತ್ತದೆ. 1812ರಿಂದ ನಡೆದು ಬಂದ ಲಾಟರಿ ಅದು. ಡಿಸೆಂಬರ್ 22ರ ಬೆಳಗ್ಗೆ ಸಾನ್ ಇಲ್ದೆಫೊನ್ಸೊ ಶಾಲೆಯ ಮಕ್ಕಳು ನಂಬರನ್ನೂ ಬಹುಮಾನವನ್ನೂ ರಾಗವಾಗಿ ಹಾಡುತ್ತಾರೆ. ದೇಶವೆಲ್ಲ ಕೇಳುತ್ತದೆ. ಒಂದೇ ನಂಬರಿನ ಟಿಕೆಟ್ಟನ್ನು ತುಂಡು ತುಂಡಾಗಿ ಮಾರುವುದರಿಂದ ಆಫೀಸಿನವರು, ಬಾರಿನವರು, ಊರಿನವರು ಸೇರಿ ಒಂದೇ ನಂಬರು ಕೊಳ್ಳುತ್ತಾರೆ. ಗೆದ್ದರೆ ಎಲ್ಲರೂ ಗೆಲ್ಲಬೇಕು. 2011ರಲ್ಲಿ ಊಎಸ್ಕಾ ಪ್ರಾಂತದ ಸೊದೇತೊ ಎಂಬ ಪುಟ್ಟ ರೈತರ ಊರಿಗೆ ಮೊದಲ ಬಹುಮಾನ ಬಂತು. ಅಲ್ಲಿನ ಗೃಹಿಣಿಯರ ಸಂಘ ಮನೆ ಮನೆಗೆ ಹೋಗಿ ಮಾರಿತ್ತು. ಸುಮಾರು 70 ಮನೆಗಳಲ್ಲಿ ಒಂದು ಬಿಟ್ಟು ಎಲ್ಲರಿಗೂ ದುಡ್ಡು. ಆ ಒಂದು ಮನೆ, ಗ್ರೀಸಿನಿಂದ ಬಂದು ನೆಲೆಸಿದ್ದ ಒಬ್ಬರದು. ಅವರ ಬಾಗಿಲು ತಟ್ಟಲು ಸಂಘದವರು ಮರೆತಿದ್ದರು.

ಇನ್ನು ನಿಮ್ಮ ಮುಖ್ಯ ಚಿಂತೆ, ಊಟ. ಇಲ್ಲಿ ಎಚ್ಚರ ಬೇಕು. ‘ಮಾಂಸ ಬೇಡ’ ಅಂದರೆ ಸಾಲದು. ಹಾಮೋನ್, ಅಂದರೆ ಉಪ್ಪು ಹಾಕಿ ಒಣಗಿಸಿದ ಹಂದಿ ತೊಡೆಯ ತೆಳು ಚೂರು, ಎಷ್ಟೋ ಮಂದಿಗೆ ಮಾಂಸದ ಲೆಕ್ಕಕ್ಕೇ ಬರುವುದಿಲ್ಲ. ನಮ್ಮ ಒಗ್ಗರಣೆಯ ಹಾಗೆ ಎಲ್ಲದರ ಮೇಲೂ ಉದುರಿಸಿಬಿಡುತ್ತಾರೆ. ‘ಸಾಂದ್ವಿಚ್ ವೆಹೆತಾಲ್’ ಅಂದರೆ ತರಕಾರಿ ಸ್ಯಾಂಡ್‌ವಿಚ್ ಅಂತ ಅರ್ಥ. ಅದರೊಳಗೆ ಸಾಮಾನ್ಯವಾಗಿ ಟ್ಯೂನಾ ಮೀನು ಇರುತ್ತದೆ! ಅವಳು ಈ ಒಂದು ವಾಕ್ಯ ಬಾಯಿಪಾಠ ಮಾಡಲಿ: ‘ಸಿನ್ ಕಾರ್ನೆ, ಸಿನ್ ಹಾಮೋನ್, ಸಿನ್ ಆತೂನ್.’ ಮಾಂಸ ಬೇಡ, ಹಂದಿ ಬೇಡ, ಟ್ಯೂನಾ ಬೇಡ.

ಅದು ದಾಟಿದರೆ ಹಸಿವಿನ ಮಾತಿಲ್ಲ. ಸುಟ್ಟ ಬ್ರೆಡ್ಡಿಗೆ ಬೆಳ್ಳುಳ್ಳಿ, ಟೊಮೆಟೊ ಉಜ್ಜಿ ಆಲಿವ್ ಎಣ್ಣೆ ಸುರಿದದ್ದು ಬೆಳಗಿನ ತಿಂಡಿ. ಬೇಸಿಗೆಗೆ ಗಾಸ್ಪಾಚೊ, ತಣ್ಣನೆಯ ಟೊಮೆಟೊ ಸಾರು. ಪಾಲಕ್ ಮತ್ತು ಕಡಲೆಕಾಳಿನ ಪಲ್ಯ ಸೆವಿಯಾದ್ದು, ಜೀರಿಗೆ ಕೂಡ ಹಾಕುತ್ತಾರೆ, ನಮ್ಮನೆಯದೇ ಅನ್ನಿಸುತ್ತದೆ. ಗಲೀಸಿಯಾದ ಪದ್ರೋನ್ ಮೆಣಸಿನಕಾಯಿ ಹುರಿದು ಉಪ್ಪು ಉದುರಿಸಿ ತಟ್ಟೆ ತುಂಬ ಕೊಡುತ್ತಾರೆ. ಕೆಲವು ಖಾರ, ಕೆಲವು ಸಪ್ಪೆ, ಯಾವುದು ಅಂತ ಕಚ್ಚಿದಾಗಲೇ ಗೊತ್ತಾಗುವುದು. ಮೊಟ್ಟೆ ತಿನ್ನುವುದರಿಂದ ಆಲೂಗಡ್ಡೆಯ ತೋರ್ತಿಯಾ ಅವಳ ನಿತ್ಯದ ಗೆಳತಿಯಾಗುತ್ತದೆ. ಅದಕ್ಕೆ ಈರುಳ್ಳಿ ಹಾಕಬೇಕಾ ಬೇಡವಾ ಅನ್ನುವುದು ಅಲ್ಲಿ ದೊಡ್ಡ ಜಗಳ, ಎರಡು ಪಕ್ಷಕ್ಕೂ ಹೆಸರೇ ಇದೆ. ಹಾಕಬೇಕು ಅನ್ನುವುದು ನನ್ನ ಪಕ್ಷ. ಪಾಏಯಾ ಅನ್ನದ ಹುಟ್ಟೂರೇ ವಾಲೆನ್ಸಿಯಾ. ಮೂಲದ್ದಕ್ಕೆ ಕೋಳಿ, ಮೊಲದ ಮಾಂಸ ಬೀಳುತ್ತದೆ. ಬರೀ ತರಕಾರಿಯದ್ದೂ ಮಾಡುತ್ತಾರೆ. ಅದನ್ನು ರಾತ್ರಿ ಮಾತ್ರ ಕೇಳಬಾರದು, ಅದು ಮಧ್ಯಾಹ್ನದ ಊಟ. ಇನ್ನು ಊರಾಚೆಯ ಅಲ್ಬೊರಾಯಾದ ಒರ್ಚಾತಾ! ಒಂದು ಬಗೆಯ ಗೆಡ್ಡೆಯನ್ನು ನೆನೆಸಿ ರುಬ್ಬಿ ಹಿಂಡಿದ ಸಿಹಿ ಹಾಲು. ತಣ್ಣಗೆ ಕೊಡುತ್ತಾರೆ, ಅದ್ದಿಕೊಳ್ಳಲು ಉದ್ದನೆಯ ಮೆತ್ತನೆ ಬನ್ನು. ಇವತ್ತಿಗೂ ಬೆಂಗಳೂರಿನ ಏಪ್ರಿಲ್ ಬಿಸಿಲಲ್ಲಿ ನನಗೆ ಅದೇ ನೆನಪಾಗುತ್ತದೆ.

ಒಂಟಿಯಾಗುತ್ತಾಳಾ ಅಂತ ಕೇಳಿದಿರಿ. ಮೊದಲ ಎರಡು ತಿಂಗಳು ಕಷ್ಟ ಇರುತ್ತದೆ. ಆಮೇಲೆ ಅವಳು ಮನೆಯ ಹತ್ತಿರದ ‘ಕಸಾಲ್’ ಹುಡುಕಲಿ. ಮಾರ್ಚ್‌ನಲ್ಲಿ ವಾಲೆನ್ಸಿಯಾದ ದೊಡ್ಡ ಹಬ್ಬ ಫಾಯಾಸ್. ಊರಿನಲ್ಲಿ 350ಕ್ಕೂ ಹೆಚ್ಚು ಓಣಿ ಸಂಘಗಳಿವೆ. ನಮ್ಮಲ್ಲಿ ಗಣೇಶ ಕೂರಿಸುವ ಹುಡುಗರ ಸಂಘ ಇರುತ್ತದಲ್ಲ, ಥೇಟ್ ಹಾಗೆ. ಆದರೆ ಅವರು ಹಬ್ಬಕ್ಕೆ ಮಾತ್ರ ಸೇರುವುದಿಲ್ಲ. ವರ್ಷವಿಡೀ ಚಂದಾ, ಊಟ, ಇಸ್ಪೀಟು. ಕಸಾಲ್ ಅಂದರೆ ಆ ಸಂಘದ ಕೋಣೆ. ಪ್ರತಿ ಓಣಿಯೂ ರಾಜಕಾರಣಿಗಳನ್ನು ಲೇವಡಿ ಮಾಡುವ ಬೃಹತ್ ಬೊಂಬೆಗಳನ್ನು ನಿಲ್ಲಿಸುತ್ತದೆ. ಮಾರ್ಚ್ 19ರ ರಾತ್ರಿ ಎಲ್ಲವನ್ನೂ ಸುಟ್ಟುಬಿಡುತ್ತಾರೆ. ವರ್ಷದ ದುಡಿಮೆ ಅರ್ಧ ಗಂಟೆಯಲ್ಲಿ ಬೂದಿ. ಜನ ಮತ ಹಾಕಿ ಆರಿಸಿದ ಒಂದು ಬೊಂಬೆಗೆ ಮಾತ್ರ ಜೀವದಾನ, 1934ರಿಂದ ನಡೆದು ಬಂದ ಪದ್ಧತಿ. ನಾನು ಸೇರಿದ ಕಸಾಲ್‌ನಲ್ಲಿ ನನಗೆ ಆಲೂಗಡ್ಡೆ ಸಿಪ್ಪೆ ತೆಗೆಯುವ ಕೆಲಸ ಕೊಟ್ಟರು. ಅಲ್ಲಿಂದಾಚೆಗೆ ಆ ಓಣಿಯಲ್ಲಿ ನನ್ನ ಹೆಸರು ಗೊತ್ತಿಲ್ಲದವರು ಯಾರೂ ಇರಲಿಲ್ಲ.

ಹೊರಡುವಾಗ ಅವರು ‘ಆಸ್ತಾ ಲುಏಗೊ’ ಅನ್ನುತ್ತಾರೆ. ಮತ್ತೆ ಸಿಗುವ ತನಕ ಅಂತ. ಲಿಫ್ಟಿನಲ್ಲಿ ಒಂದೇ ನಿಮಿಷ ಜತೆಗಿದ್ದ ಅಪರಿಚಿತರಿಗೂ ಅದೇ ಮಾತು. ನಾವೂ ‘ಹೋಗ್ತೀನಿ’ ಅನ್ನುವುದಿಲ್ಲ, ‘ಬರ್ತೀನಿ’ ಅನ್ನುತ್ತೇವಲ್ಲ. ಮಗಳಿಗೆ ಇದನ್ನು ಕಲಿಸಬೇಕಾಗಿಯೇ ಇಲ್ಲ.

ನಿಮಗೊಂದು ಕೊನೆಯ ಸೂಚನೆ. ಮಾರ್ಚ್ 1ರಿಂದ 19ರ ತನಕ ದಿನಾ ಮಧ್ಯಾಹ್ನ ಎರಡಕ್ಕೆ ಅಲ್ಲಿನ ನಗರಸಭೆ ಚೌಕದಲ್ಲಿ ಮಸ್ಕ್ಲೆತಾ ನಡೆಯುತ್ತದೆ. ಹಗಲಿನ ಪಟಾಕಿ. ನೋಡಲು ಏನೂ ಇಲ್ಲ, ಸದ್ದಿನ ತಾಳ ಕೇಳುವುದಕ್ಕೇ ಸಾವಿರಾರು ಜನ ಸೇರುತ್ತಾರೆ. ನೆಲ ನಡುಗಿ ಎದೆಯೊಳಗೆ ಡೋಲು ಬಡಿದ ಹಾಗಾಗುತ್ತದೆ. ನಮ್ಮಲ್ಲಿ ಆಗ ಸಂಜೆ ಆರೂವರೆ. ಆ ಹೊತ್ತಿಗೆ ಫೋನ್ ಮಾಡಿ ಗಾಬರಿಯಾಗಬೇಡಿ. ಏಳಕ್ಕೂ ಮಾಡಬೇಡಿ, ಆಗ ಅವಳು ಊಟಕ್ಕೆ ಕೂತಿರುತ್ತಾಳೆ. ಎಂಟೂವರೆ ಆಗಲಿ. ಆಗಲೂ ಹಿಂದೆ ಏಳೆಂಟು ಜನರ ಗಲಾಟೆ ಕೇಳಿಸಿದರೆ, ಊಟ ಮುಗಿದಿದೆ, ಇನ್ನೂ ಯಾರೂ ಎದ್ದಿಲ್ಲ ಅಂತ ತಿಳಿದುಕೊಳ್ಳಿ.